ನನ್ನ ಬೆಕ್ಕಿನ ಉಗುರು, ಒಂದು ಡಿ4 ಮೈನಸ್ ಒಂದು

ಮಳೆಗಾಲ ಶುರುವಾದ್ರೆ ಕೊಡಗಿನ ಪೊನ್ನಂಪೇಟೆ ಕಡೆ ಶನಿವಾರ ಸಂಜೆ ಮಾಡೋಕೆ ಬೇರೆ ಏನೂ ಇರಲ್ಲ, ಕರೆಂಟ್ ಹೋಗಿರುತ್ತೆ, ನೆಟ್‌ವರ್ಕ್ ಅದಕ್ಕಿಂತ ಮುಂಚೆನೇ ಹೋಗಿರುತ್ತೆ, ಹಾಗಾಗಿ ನಾವು ಐದು ಜನ ಫ್ರೆಂಡ್ ಮನೆ ಜಗಲೀಲಿ ಎಮರ್ಜೆನ್ಸಿ ಲ್ಯಾಂಪ್ ಇಟ್ಕೊಂಡು ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರಾಗನ್ಸ್) ಆಡ್ತೀವಿ. ಗೊತ್ತಿಲ್ದೋರಿಗೆ: ಒಬ್ಬ ಕಥೆ ನಡೆಸ್ತಾನೆ, ಅವನು ಡಿಎಂ, ಮಿಕ್ಕವರದ್ದು ಒಬ್ಬೊಬ್ಬರದ್ದು ಒಂದೊಂದು ಪಾತ್ರ, ಗೆದ್ಯಾ ಸೋತ್ಯಾ ಅನ್ನೋದನ್ನ ದಾಳ ಹೇಳುತ್ತೆ. ಡಿ4 ಅಂದ್ರೆ ನಾಕು ಮುಖದ ದಾಳ, ಡಿ20 ಅಂದ್ರೆ ಇಪ್ಪತ್ತು ಮುಖದ್ದು, 2ಡಿ6 ಅಂದ್ರೆ ಆರು ಮುಖದ್ದು ಎರಡು. ಪ್ಲಾಸ್ಟಿಕ್ ಗೊಂಬೆಗೆಲ್ಲ ದುಡ್ಡಿಲ್ಲ, ನಮ್ಮ ಪಾತ್ರಗಳಿಗೆ ಅರೇಬಿಕಾ ಕಾಫಿ ಬೀಜ, ಗಾಬ್ಲಿನ್ ಅನ್ನೋ ಕುಳ್ಳ ರಾಕ್ಷಸರಿಗೆ ಕರಿಮೆಣಸು, ದೊಡ್ಡ ರಾಕ್ಷಸ ಬಂದ್ರೆ ಒಂದು ಏಲಕ್ಕಿ.

ಈ ಸಲ ನಾನು ಟಬಾಕ್ಸಿ ಮಾಡ್ಕೊಂಡಿದ್ದೆ, ಬೆಕ್ಕಿನ ಮುಖದ ಮನುಷ್ಯ, ಅದರಲ್ಲೂ ರೋಗ್, ಅಂದ್ರೆ ಕಳ್ಳ. ಮಾಡ್ಕೊಳ್ಳೋಕೆ ಕಾರಣ ಒಂದೇ, ಉಗುರು. ರೂಲ್ ಬುಕ್ಕಲ್ಲಿ ಟಬಾಕ್ಸಿಗೆ ಹುಟ್ಟಿಂದಲೇ ಉಗುರು ಆಯುಧ ಅಂತ ಬರೆದಿರೋದು ನೋಡಿ ತಲೆ ಕೆಟ್ಟೋಯ್ತು. ಕಳ್ಳನಿಗೆ ಉಗುರು! ಯಾರು ಚೆಕ್ ಮಾಡಿದ್ರೂ ಸಿಗದ ಚಾಕು! ಕೆಳಗಡೆ ಇರೋದನ್ನ ಸರಿಯಾಗಿ ಓದಿದ್ರೆ ಈ ಪೋಸ್ಟ್ ಬರೆಯೋ ಪರಿಸ್ಥಿತಿ ಬರ್ತಿರ್ಲಿಲ್ಲ.

ನಮ್ಮ ಡಿಎಂ ಕೈಲ್ ಮುಹೂರ್ತ ಹತ್ರ ಬಂತಲ್ಲ ಅಂತ ಅದನ್ನೇ ಕಥೆಗೆ ಹಾಕ್ದ. ನಮ್ಮಲ್ಲಿ ನಾಟಿ ಮುಗಿದ ಮೇಲೆ ಸೆಪ್ಟೆಂಬರ್ ಶುರುವಲ್ಲಿ ಬರೋ ಹಬ್ಬ, ಕೋವಿ, ಒಡಿಕತ್ತಿ, ಪೀಚೆಕತ್ತಿ ಎಲ್ಲಾ ಇಟ್ಟು, ತೋಕ್ ಪೂ ಅನ್ನೋ ಹೂ ಸಿಕ್ಕಿಸಿ ಪೂಜೆ ಮಾಡ್ತಾರೆ, ಆಮೇಲೆ ಕಡಂಬುಟ್ಟು (ಅಕ್ಕಿ ಕಡುಬು), ಪಂದಿ ಕರಿ (ಹಂದಿ ಸಾರು), ತೆಂಗಿನಕಾಯಿಗೆ ಗುಂಡು ಹೊಡೆಯೋ ಪಂದ್ಯ. ಅವನ ಆಟದ ಊರಲ್ಲೂ ಅಂಥದ್ದೇ ಹಬ್ಬ, ಆದ್ರೆ ಅವನದ್ದೊಂದು ಕಟ್ಟುಪಾಡು, ಬೆಳಿಗ್ಗೆ ಪೂಜೆ ಆಗೋ ತನಕ ಊರೊಳಗಿರೋ ಪ್ರತಿ ಆಯುಧನೂ ದೇವರ ಕೋಣೇಲೇ ಇರ್ಬೇಕು, ನೆಂಟರದ್ದೂ ಸೇರಿ. ನಾವು ನೆಂಟರು. ಕೊಟ್ವಿ. ರಾತ್ರಿ ಗಾಬ್ಲಿನ್‌ಗಳು ಬಂದ್ವು, ಜೊತೆಗೆ ಒಂದು ಕಾಡುಹಂದಿ.

ಬಂತು ನೋಡಪ್ಪ ನನ್ನ ಟೈಮು ಅಂತ ತೋಳು ಮಡಚಿದೆ.

ಈಗ ಲೆಕ್ಕ. ನಾವು ಆಡೋದು 2014ರ ರೂಲ್ಸಲ್ಲಿ. ಟಬಾಕ್ಸಿ ಉಗುರಿಗೆ ಡ್ಯಾಮೇಜ್ 1ಡಿ4, ಅದಕ್ಕೆ ಕೂಡಿಸೋದು ಸ್ಟ್ರೆಂತ್, ಮೈಬಲ. ಡೆಕ್ಸ್ಟೆರಿಟಿ ಅಂದ್ರೆ ಚುರುಕು ಅಲ್ಲ, ಸ್ಟ್ರೆಂತ್! ನನ್ನ ಕಳ್ಳನಿಗೆ ಡೆಕ್ಸ್ 16, ಅಂದ್ರೆ ಪ್ಲಸ್ 3, ಸ್ಟ್ರೆಂತ್ 8, ಅಂದ್ರೆ ಮೈನಸ್ ಒಂದು. ದಾಳದಲ್ಲಿ ಒಂದು ಬಿದ್ರೆ ಡ್ಯಾಮೇಜ್ ಸೊನ್ನೆ, ಪರಚಿದ್ದೂ ಗೊತ್ತಾಗಲ್ಲ. ಗಾಬ್ಲಿನ್ ಆರ್ಮರ್ ಕ್ಲಾಸ್, ಅಂದ್ರೆ ಏಟು ತಾಗೋಕೆ ಮುಟ್ಬೇಕಾದ ಅಂಕ, 15. ಆ ಮೈನಸ್ ಒಂದಕ್ಕೆ ಪಳಗಿದ ಕೈ ಅಂತ ಕೊಡೋ ಎರಡು ಸೇರಿಸಿದ್ರೂ ನನಗೆ ಪ್ಲಸ್ ಒಂದು ಮಾತ್ರ ಸಿಗೋದ್ರಿಂದ ಡಿ20ಲಿ 14 ಅಥವಾ ಮೇಲೆ ಬೀಳ್ಬೇಕು. ಅದರ ಜೀವ 7 ಪಾಯಿಂಟ್. ಹೀಗೆ ಪರಚ್ತಾ ಹೋದ್ರೆ ಒಂದು ಕರಿಮೆಣಸು ಸಾಯೋಕೆ ಹತ್ತು ಹನ್ನೆರಡು ಸಲ ಬೇಕು, ಅಷ್ಟರಲ್ಲಿ ನಾನೇ ಸತ್ತಿರ್ತೀನಿ. ಸರಿ, ಸ್ನೀಕ್ ಅಟ್ಯಾಕ್, ಕಳ್ಳರ ಹೊಂಚು ಏಟು, ಇದೆಯಲ್ಲ, 3ನೇ ಲೆವೆಲ್‌ಗೆ 2ಡಿ6 ಎಕ್ಸ್ಟ್ರಾ ಅಂತ ಬಾಯಿ ತೆಗೆದ್ರೆ ಡಿಎಂ ನಗ್ತಾನೆ, ಸ್ನೀಕ್ ಅಟ್ಯಾಕ್‌ಗೆ ಫಿನೆಸ್ (ಚುರುಕಿಂದ ಬೀಸ್ಬಹುದಾದ) ಆಯುಧನೋ ದೂರದಿಂದ ಹೊಡೆಯೋ ಆಯುಧನೋ ಬೇಕು, ಉಗುರು ಎರಡೂ ಅಲ್ಲ, ಅದು ಬರೀ ಕೈಯೇಟಿನ ಲೆಕ್ಕಕ್ಕೆ ಸೇರೋದು. ಅದೇ ನನ್ನ ರೇಪಿಯರ್, ತೆಳು ಕತ್ತಿ, ಕೈಲಿದ್ದಿದ್ರೆ 1ಡಿ8 ಪ್ಲಸ್ 3 ಪ್ಲಸ್ ಆ 2ಡಿ6, ಸರಾಸರಿ 14.5. ದೇವರ ಕೋಣೇಲಿ ಹೂ ಮುಡ್ಕೊಂಡು ಕೂತಿತ್ತು ಪುಣ್ಯಾತ್ಗಿತ್ತಿ.

ಇನ್ನೂ ಹೊಟ್ಟೆ ಉರಿಸಿದ್ದು ಪಕ್ಕದಲ್ಲಿದ್ದ ಡ್ವಾರ್ಫ್, ಕುಳ್ಳರ ಜಾತಿಯ ಪಾತ್ರ. ಅವನಿಗೆ ಉಗುರೂ ಇಲ್ಲ ಹಲ್ಲೂ ಇಲ್ಲ, ಸೀದಾ ಅಡುಗೆಮನೆಗೆ ಹೋಗಿ ಒನಕೆ ಎತ್ಕೊಂಡ. ಸಿಕ್ಕಿದ್ದನ್ನ ಎತ್ಕೊಂಡು ಹೊಡೆದ್ರೂ 1ಡಿ4 ಅಂತ ರೂಲ್ ಇದೆ, ಅವನ ಸ್ಟ್ರೆಂತ್ 16, ಹಾಗಾಗಿ ಪ್ಲಸ್ 3. ಓಬವ್ವನ ಆಣೆ, ಹುಟ್ಟಾ ಬಂದ ಆಯುಧಕ್ಕಿಂತ ಅಕ್ಕಿ ಕುಟ್ಟೋ ಒನಕೆ ಜಾಸ್ತಿ ಕೆಲಸ ಮಾಡ್ತು.

ಹಾಗಂತ ಹುಟ್ಟಾಯುಧ ಎಲ್ಲಾ ದಂಡ ಅಂತಲ್ಲ. ನಮ್ಮಲ್ಲಿ ಇನ್ನೊಬ್ಬ ಲಿಜರ್ಡ್‌ಫೋಕ್ ಫೈಟರ್, ಹಲ್ಲಿ ಜಾತಿ, ಕಚ್ಚಿದ್ರೆ 1ಡಿ6. ಅವನಿಗೂ ಸ್ಟ್ರೆಂತೇ, ಆದ್ರೆ ಫೈಟರ್‌ಗೆ ಸ್ಟ್ರೆಂತ್ ಹೇಗೂ ಇರುತ್ತೆ, ಜೊತೆಗೆ ಹಂಗ್ರಿ ಜಾಸ್ ಅಂತ ಒಂದಿದೆ, ಬೋನಸ್ ಆಕ್ಷನ್‌ನಲ್ಲಿ ಇನ್ನೊಂದ್ಸಲ ಕಚ್ಚಿ ತಾತ್ಕಾಲಿಕ ಜೀವನೂ ತಗೋಬಹುದು. ಆ ರಾತ್ರಿ ಅವನದ್ದೇ ಕಾರುಬಾರು. ನಾನು ತಪ್ಪಿದ್ದು ಇಲ್ಲೇ: ಉಗುರು ಯಾವ ಅಂಕದ ಮೇಲೆ ನಡೆಯುತ್ತೋ ಆ ಅಂಕ ನಿನ್ನ ಕ್ಲಾಸ್‌ಗೆ (ಕಳ್ಳ, ಫೈಟರ್ ತರ ಪಾತ್ರದ ಕಸುಬು) ಹೇಗೂ ಬೇಕಾಗಿರ್ಬೇಕು. ಬೆಕ್ಕು ಮಾಡೋದಾದ್ರೆ ಮಾಂಕ್, ಬರೀಕೈಲಿ ಕಾದಾಡೋ ಸನ್ಯಾಸಿ, ಮಾಡ್ಬೇಕಿತ್ತು, ಮಾಂಕ್‌ಗೆ ಬರೀಕೈ ಏಟಿಗೆ ಡೆಕ್ಸ್ ನಡೆಯುತ್ತೆ. ಆದ್ರೆ ಅಲ್ಲೂ ಒಂದು ತಮಾಷೆ, 5ನೇ ಲೆವೆಲ್‌ಗೆ ಮಾಂಕ್‌ನ ಬರೀ ಮುಷ್ಟಿನೇ ಡಿ6 ಆಗ್ಬಿಡುತ್ತೆ, ಆಮೇಲೆ ಉಗುರು ಗೀಚೋ ಗಾಯ ಬೇಕು ಅಂದಾಗ ಮಾತ್ರ.

ನನಗೆ ನಿಜವಾಗ್ಲೂ ಸಿಟ್ಟು ಬರೋದು ಬೇರೆ ವಿಷಯಕ್ಕೆ. ಅದೇ ಆಟದಲ್ಲಿ ಪ್ರಾಣಿಗಳ ಹುಟ್ಟಾಯುಧ ನೋಡಿ. ತೋಳ ಕಚ್ಚಿದ್ರೆ ಬೀಳಿಸುತ್ತೆ, ಮೊಸಳೆ ಕಚ್ಚಿದ್ರೆ ಬಿಡಲ್ಲ, ಕಾಡುಹಂದಿ 20 ಅಡಿ ನೇರ ಓಡಿ ಬಂದು ಕೋರೆಯಲ್ಲಿ ತಿವಿದ್ರೆ 1ಡಿ6 ಜಾಸ್ತಿ ಬೀಳೋದಲ್ದೆ ಕಾಲು ಮೇಲೆ. ಮೇಲಿಂದ ರಿಲೆಂಟ್‌ಲೆಸ್, ಕೊನೇ ಏಟು 7 ಅಥವಾ ಅದಕ್ಕಿಂತ ಕಮ್ಮಿ ಇದ್ರೆ ಒಂದ್ಸಲ ಸಾಯಲ್ಲ, ಒಂದು ಪಾಯಿಂಟ್ ಇಟ್ಕೊಂಡು ಎದ್ದು ನಿಲ್ಲುತ್ತೆ. ಇದನ್ನ ಬರೆದವನು ಯಾರೋ ನಿಜವಾದ ಹಂದಿ ನೋಡಿದ್ದಾನೆ ಅನ್ಸುತ್ತೆ, ನಮ್ಮ ಗದ್ದೇಲಿ ಒಂದು ಬಂದಾಗ ಇಬ್ಬರು ತಗಡು ಬಡಿದು ಪಟಾಕಿ ಹಚ್ಚಿದ್ರೂ ಅದು ತಿರುಗಿ ನೋಡಿದ ನೋಟ ಈಗ್ಲೂ ನೆನಪಿದೆ. ಅಷ್ಟು ಯಾಕೆ, ತೋಟಕ್ಕೆ ಹೋದ್ರೆ ಕಾಲಿಗೆ ಹತ್ತೋ ಜಿಗಣೆ, ಅದರ ಡ್ಯಾಮೇಜ್ ಎಷ್ಟು? ಏನೂ ಇಲ್ಲ. ಆದ್ರೆ ಕಚ್ಚಿದ್ದು ಗೊತ್ತಾಗಲ್ಲ, ರಕ್ತ ಹೆಪ್ಪುಗಟ್ಟಲ್ಲ, ಸಾಕ್ಸ್ ಬಿಚ್ಚಿದ ಮೇಲೇ ಗೊತ್ತಾಗೋದು. ಆಯುಧ ಅಂದ್ರೆ ಅದು ಮಾರಾಯ. ಆಡೋ ಪಾತ್ರಗಳಿಗೆ ಮಾತ್ರ ಒಂದು ಸಣ್ಣ ನಂಬರ್ ಕೊಟ್ಟು ಕೈ ತೊಳ್ಕೊಂಡಿದ್ದಾರೆ. ಗೂಳಿ ತಲೆಯ ಮಿನಟಾರ್‌ಗೆ ಕೊಂಬಲ್ಲಿ ಹಿಂದಕ್ಕೆ ನೂಕೋ ಶಕ್ತಿ ಕೊಟ್ಟಿದ್ದಾರೆ, ಅಂಥದ್ದು ಎಲ್ಲರಿಗೂ ಕೊಟ್ಟಿದ್ರೆ ಗಂಟೇನು ಹೋಗ್ತಿತ್ತು?

ಮುಂದೆ ಹೋದಷ್ಟೂ ಇನ್ನೊಂದು ತಲೆನೋವು, ವೇರ್‌ವುಲ್ಫ್ (ತೋಳ ಆಗೋ ಮನುಷ್ಯ) ತರದ್ದಕ್ಕೆ ಮ್ಯಾಜಿಕ್ ಆಯುಧನೋ ಬೆಳ್ಳಿನೋ ಇಲ್ದೆ ಹೊಡೆದ್ರೆ ತಾಗೋದೇ ಇಲ್ಲ. ಕತ್ತಿ ಆದ್ರೆ ಮ್ಯಾಜಿಕ್ ಕತ್ತಿ ಸಿಗುತ್ತೆ, ಉಗುರನ್ನ ಯಾವ ಅಂಗಡೀಲಿ ಬದಲಾಯಿಸೋದು? ಮಾಂಕ್, ಪ್ರಾಣಿ ರೂಪ ತಾಳೋ ಮೂನ್ ಡ್ರೂಯಿಡ್, ಸಿಟ್ಟು ಬಂದ್ರೆ ಉಗುರು ಹಲ್ಲು ಬರೋ ಪಾತ್ ಆಫ್ ದ ಬೀಸ್ಟ್ ಬಾರ್ಬೇರಿಯನ್, ಮೂವರಿಗೂ 6ನೇ ಲೆವೆಲ್‌ಗೆ ಏಟು ಮ್ಯಾಜಿಕ್ ಆಗುತ್ತೆ. ಮಿಕ್ಕವರು ಡಿಎಂ ಕರುಣೆ ನೋಡ್ಕೊಂಡು ಕೂರ್ಬೇಕು.

ಆ ರಾತ್ರಿ ಏನಾಯ್ತು ಹೇಳ್ಬೇಕಲ್ಲ. ಎರಡು ಸಲ ಪರಚಿ ಒಂದು ಸೊನ್ನೆ, ಒಂದು ಮಿಸ್ ಆದ್ಮೇಲೆ ನನ್ನ ಪಾತ್ರದ ಶೀಟ್ ಇನ್ನೊಂದ್ಸಲ ಓದ್ದೆ. ಅದೇ ಉಗುರಿಂದ ಟಬಾಕ್ಸಿಗೆ 20 ಅಡಿ ಹತ್ತೋ ಸ್ಪೀಡ್ ಇದೆ. ಗೋಡೆ ಹತ್ತಿ ಮಾಡಿಗೆ ಹೋಗಿ ನಾಕು ಹೆಂಚು ತೆಗೆದು ದೇವರ ಕೋಣೆಗೆ ಇಳಿದೆ, ರೇಪಿಯರ್ ತಗೊಂಡೆ, ಡ್ವಾರ್ಫ್ ಕೊಡಲಿನ ಕಿಟಕಿಯಿಂದ ಆಚೆಗೆ ಎಸೆದೆ. ಅಲ್ಲಿಂದಾಚೆ ಕಾಲು ಗಂಟೆ ಆಟ ನಿಂತೇ ಹೋಯ್ತು, ಪೂಜೆಗೆ ಮುಂಚೆ ಮುಟ್ಟಿದ್ದು ಸರಿನಾ ತಪ್ಪಾ ಅಂತ, ಒಳಗಿಂದ ಕಾಫಿ ತಂದ ಫ್ರೆಂಡ್ ಅಜ್ಜಿನೂ ನಿಂತು ಕೇಳಿ "ಯಾವ ಬೆಕ್ಕು? ಹೆಂಚು ಒಡೆದಿದ್ಯಾ?" ಅಂತ ಮೇಲೆ ನೋಡಿದ್ರು. ಕೊನೆಗೆ ಡಿಎಂ ತೀರ್ಪು, ಊರು ಉಳೀತು, ಆದ್ರೆ ಬೆಕ್ಕು 50 ಗೋಲ್ಡ್ ತಪ್ಪು ಕಾಣಿಕೆ ಕಟ್ಬೇಕು. ನನ್ನ ಹತ್ರ ಇದ್ದಿದ್ದು 12.

ಉಗುರಿಗೆ ಇನ್ಮುಂದೆ ಡೆಕ್ಸ್ ಹಾಕ್ಕೋ ಅಂತ ಡಿಎಂ ಒಪ್ಪಿದ್ದಾನೆ, ಸ್ನೀಕ್ ಅಟ್ಯಾಕ್ ಮಾತ್ರ ಸುತಾರಾಂ ಇಲ್ವಂತೆ. ಮುಂದಿನ ವಾರಕ್ಕೆ ಕಾಲು ಕೆಜಿ ಕರಿಮೆಣಸು ತಗೊಂಬಾ ಅಂದಿದ್ದಾನೆ, ಯಾಕೆ ಅಂತ ಕೇಳಿದ್ರೆ ಹೇಳ್ತಿಲ್ಲ.