ಬಟ್ಟೆ ಹಿಂಡುವ ಪಾಠ

ಹಿರೋಶಿಮಾ
12 ನವೆಂಬರ್ 2024, ಮಂಗಳವಾರ

ಸೊಂಟ ಹಿಡಿದುಕೊಂಡಿದೆ. ಊರು ಸುತ್ತಿ ಅಲ್ಲ, ನೆಲ ಒರೆಸಿ. ಜಪಾನಿಗೆ ಹೋಗಿ ನೆಲ ಒರೆಸಿ ಬಂದೆ ಅಂದರೆ ನಮ್ಮತ್ತೆ "ಅದನ್ನ ಮನೇಲೇ ಮಾಡಬಹುದಿತ್ತಲ್ಲಮ್ಮಾ" ಅಂತಾರೆ. ಗೊತ್ತಿದೆ.

ಬೆಳಿಗ್ಗೆ ಎಂಟಕ್ಕೆಲ್ಲ ಶಾಲೆಯ ಗೇಟಿನಲ್ಲಿದ್ದೆವು. ಬೇರೆ ಬೇರೆ ರಾಜ್ಯದಿಂದ ಬಂದ ನಾವು ಆರು ಜನ ಶಿಕ್ಷಕರು, ಜೊತೆಗೆ ದುಭಾಷಿ ಅಮ್ಮ. ಮಕ್ಕಳು ಗುಂಪು ಗುಂಪಾಗಿ ನಡೆದುಕೊಂಡೇ ಬರುತ್ತಿದ್ದರು. ದೊಡ್ಡವರು ಮುಂದೆ, ಹಳದಿ ಟೋಪಿಯ ಒಂದನೇ ಕ್ಲಾಸಿನವರು ನಡುವೆ. ಬಿಡಲು ಬಂದ ಕಾರು, ಸ್ಕೂಟರು ಒಂದೂ ಕಾಣಲಿಲ್ಲ.

ಒಳಗೆ ಹೋದ ತಕ್ಷಣ ಶೂ ಇಡುವ ಗೂಡುಗಳು. ಒಬ್ಬೊಬ್ಬರಿಗೆ ಒಂದೊಂದು. ಹೊರಗಿನ ಶೂ ಬಿಚ್ಚಿ, ಒಳಗಿನ ಬಿಳಿ ಶೂ ಹಾಕಿಕೊಳ್ಳಬೇಕು. ನಮ್ಮ ನಲಿ-ಕಲಿ ಕೋಣೆಯ ಮುಂದೆಯೂ ಮಕ್ಕಳು ಚಪ್ಪಲಿ ಬಿಡುತ್ತಾರೆ, ಅದೇನು ಹೊಸದಲ್ಲ. ಸಾಲಾಗಿ ಬಿಡ್ರೋ ಅಂತ ದಿನಾ ಗಂಟಲು ಹರಿದುಕೊಳ್ಳುವವಳು ನಾನು. ಇಲ್ಲಿ ಯಾರೂ ಕಿರುಚಲಿಲ್ಲ. ಗೂಡು ಇದ್ದರೆ ಗಂಟಲು ಉಳಿಯುತ್ತದೆ ಅನ್ನಿಸಿತು. ಅತಿಥಿಗಳಿಗೆ ಅಂತ ಕೊಟ್ಟ ಚಪ್ಪಲಿ ನನಗೆ ದೊಡ್ಡದು. ಮೆಟ್ಟಿಲು ಹತ್ತುವಾಗ ಎರಡು ಸಲ ಕಳಚಿ ಬಿತ್ತು. ಎರಡನೇ ಸಲ ಒಬ್ಬ ಹುಡುಗ ಎತ್ತಿಕೊಂಡು ಬಂದು, ಬಗ್ಗಿ ಕಾಲ ಮುಂದೆ ಇಟ್ಟ. ನಾಚಿಕೆಯಾಯಿತು.

ಗಣಿತದ ಪಾಠ ನೋಡಿದೆವು. 45 ನಿಮಿಷಕ್ಕೆ ಒಂದೇ ಲೆಕ್ಕ! ಮೂರು ಮಕ್ಕಳು ಮೂರು ದಾರಿಯಲ್ಲಿ ಮಾಡಿದ್ದನ್ನು ಮೇಷ್ಟ್ರು ಬೋರ್ಡಿನ ಮೇಲೆ ಪಕ್ಕಪಕ್ಕದಲ್ಲಿ ಬರೆಸಿದರು. ಅದರಲ್ಲಿ ಒಂದು ತಪ್ಪು ದಾರಿ. ಅದನ್ನೂ ಅಳಿಸಲಿಲ್ಲ. ಪಾಠ ಮುಗಿಯುವವರೆಗೂ ಡಸ್ಟರ್ ಮುಟ್ಟಲೇ ಇಲ್ಲ. ಬೋರ್ಡನ್ನು ಹೇಗೆ ತುಂಬಿಸಬೇಕು ಅಂತ ಮೊದಲೇ ಯೋಚಿಸಿಕೊಂಡು ಬರುತ್ತಾರಂತೆ, ಅದಕ್ಕೆ ಬಾನ್‌ಶೊ ಅಂತ ಹೆಸರೇ ಇದೆ. ನಾನಂತೂ ಬರೆಯುವುದಕ್ಕಿಂತ ಒರೆಸುವುದೇ ಜಾಸ್ತಿ.

ಊಟದ ಹೊತ್ತು. ಬಡಿಸುವ ಸರದಿ ಬಂದ ಮಕ್ಕಳು ಬಿಳಿ ಅಂಗಿ, ಟೋಪಿ, ಮಾಸ್ಕ್ ಹಾಕಿಕೊಂಡು ಪಾತ್ರೆಗಳನ್ನು ತಾವೇ ಹೊತ್ತು ತಂದರು. ಅನ್ನ, ಸುಟ್ಟ ಮೀನು, ಒಂದು ಸಾರು, 200 ಮಿಲಿಲೀಟರ್ ಹಾಲು. ಅನ್ನ, ಮೀನಿನ ಜೊತೆ ತಣ್ಣನೆ ಹಾಲು ಹೇಗೆ ಕುಡೀತಾರೋ! ನಮ್ಮ ಕ್ಷೀರಭಾಗ್ಯದ ಹಾಲು 150 ಮಿಲಿಲೀಟರ್, ಆದರೆ ಬೆಳಿಗ್ಗೆ, ಬಿಸಿ ಬಿಸಿಯಾಗಿ. ಗುಜರಾತಿನ ಸಹೋದ್ಯೋಗಿ ಸಾರಿನಲ್ಲೂ ಮೀನಿನ ರಸ ಇದೆ ಅಂತ ಗೊತ್ತಾಗಿ ಬರೀ ಅನ್ನಕ್ಕೆ ಉಪ್ಪಿನಕಾಯಿ ನೆಂಚಿಕೊಂಡರು. ಉಪ್ಪಿನಕಾಯಿ ಪ್ಯಾಕೆಟ್ ಅವರ ಜೇಬಿನಲ್ಲೇ ಇತ್ತು.

ಬಿಸಿಯೂಟ ಅಂದರೆ ಬಡ ಮಕ್ಕಳಿಗೆ ಅಂತ ನಮ್ಮಲ್ಲಿ ಈಗಲೂ ಕೆಲವರು ಮೂಗು ಮುರಿಯುತ್ತಾರಲ್ವಾ? ಜಪಾನಿನಲ್ಲೂ ಶುರುವಾಗಿದ್ದು ಹಾಗೇ. 1889ರಲ್ಲಿ ತ್ಸುರುವೊಕಾ ಊರಿನ ದೇವಸ್ಥಾನದ ಆವರಣದಲ್ಲಿದ್ದ ಶಾಲೆಯಲ್ಲಿ ಬಡ ಮಕ್ಕಳಿಗೆ ಅನ್ನದ ಉಂಡೆ, ಉಪ್ಪುಮೀನು ಕೊಟ್ಟರಂತೆ. 1954ರಲ್ಲಿ ಕಾನೂನೇ ಆಯಿತು. ಈಗ ಡಾಕ್ಟರ ಮಗ, ಕೂಲಿಯವರ ಮಗಳು, ಮೇಷ್ಟ್ರು ಎಲ್ಲರದೂ ಒಂದೇ ತಟ್ಟೆ. ಮೇಷ್ಟ್ರು ಡಬ್ಬಿ ತರುವುದಿಲ್ಲ. ಮಕ್ಕಳ ಜೊತೆಯೇ ಕೂತು ತಿನ್ನುತ್ತಾರೆ. ಇದನ್ನು ಬರೆಯುವಾಗ ಸ್ಟಾಫ್ ರೂಮಿನ ಕಪಾಟಿನಲ್ಲಿರುವ ನನ್ನ ಸ್ಟೀಲ್ ಡಬ್ಬಿ ನೆನಪಾಯಿತು.

ಆಮೇಲೆ ಸ್ಪೀಕರಿನಲ್ಲಿ ಒಂದು ಹಾಡು ಬಂತು. ಎಲ್ಲ ಬೆಂಚುಗಳೂ ಕೋಣೆಯ ಹಿಂದಕ್ಕೆ ಸರಿದವು. ಗುಡಿಸುವ ಹೊತ್ತು.

ಇದರ ವಿಡಿಯೊ ವಾಟ್ಸ್‌ಆ್ಯಪಿನಲ್ಲಿ ನೀವೂ ನೋಡಿರುತ್ತೀರಿ. "ಜಪಾನಿನ ಮಕ್ಕಳನ್ನು ನೋಡಿ ಕಲಿಯಿರಿ" ಅಂತ ಕೆಳಗೆ ಬರೆದಿರುತ್ತದೆ. ನಮ್ಮ ಶಿಕ್ಷಕರ ಗ್ರೂಪಿಗೂ ತಿಂಗಳಿಗೊಂದು ಸಲ ಬರುತ್ತದೆ. ನೋಡಿದಾಗಲೆಲ್ಲ ನನಗೆ ಒಂಥರಾ ಕಸಿವಿಸಿ. ಯಾಕೆ ಅಂತ ಇವತ್ತು ಬರೆಯುತ್ತೇನೆ.

ಮೊದಲು ನಡೆದದ್ದು ಹೇಳಿಬಿಡುತ್ತೇನೆ. ಸುಮ್ನೆ ನಿಂತು ನೋಡಲು ಆಗಲಿಲ್ಲ, ಸೆರಗು ಸೊಂಟಕ್ಕೆ ಸಿಕ್ಕಿಸಿ ನಾನೂ ಒಂದು ಬಟ್ಟೆ ತೆಗೆದುಕೊಂಡೆ. ಅದಕ್ಕೆ ಜೋಕಿನ್ ಅಂತಾರೆ. ಹಳೇ ಟವೆಲ್ ಮಡಚಿ ಹೊಲಿದದ್ದು. ಬಕೆಟ್ಟಿನಲ್ಲಿ ಅದ್ದಿ ನಮ್ಮ ಮನೆಯಲ್ಲಿ ಹಿಂಡುವ ಹಾಗೆ ಅಡ್ಡಕ್ಕೆ ಹಿಡಿದು ಹಿಂಡಿದೆ. ಆರನೇ ಕ್ಲಾಸಿನ ಒಂದು ಹುಡುಗಿ ತಲೆ ಅಲ್ಲಾಡಿಸಿದಳು. "ತತೆ, ತತೆ" ಅಂದಳು. ನೆಟ್ಟಗೆ ಅಂತ ಅರ್ಥವಂತೆ. ನನ್ನ ಕೈಯಿಂದ ಬಟ್ಟೆ ತೆಗೆದುಕೊಂಡು, ಕ್ರಿಕೆಟ್ ಬ್ಯಾಟ್ ಹಿಡಿದ ಹಾಗೆ ಒಂದು ಕೈ ಮೇಲೆ, ಒಂದು ಕೈ ಕೆಳಗೆ ಇಟ್ಟು, ಮಣಿಕಟ್ಟು ಒಳಕ್ಕೆ ತಿರುಗಿಸಿದಳು. ಹಿಂಡಿ ಆಯಿತು ಅಂತ ನಾನು ಅಂದುಕೊಂಡಿದ್ದ ಬಟ್ಟೆಯಿಂದ ಇನ್ನೂ ಅರ್ಧ ಲೋಟ ನೀರು ಇಳಿಯಿತು. ಇಪ್ಪತ್ತೆರಡು ವರ್ಷ ಪಾಠ ಮಾಡಿದ್ದೇನೆ, ನಲವತ್ತು ವರ್ಷದಿಂದ ಬಟ್ಟೆ ಹಿಂಡಿದ್ದೇನೆ. ಹೊಸದಾಗಿ ಕಲಿತೆ.

ಒರೆಸುವುದೂ ಬೇರೆ ರೀತಿ. ನಾವು ಕುಕ್ಕರಗಾಲಿನಲ್ಲಿ ಕೂತು ಹಿಂದಕ್ಕೆ ಸರಿಯುತ್ತಾ ಒರೆಸುತ್ತೇವೆ. ಇವರು ಎರಡೂ ಕೈ ಬಟ್ಟೆಯ ಮೇಲೆ ಊರಿ, ಸೊಂಟ ಮೇಲೆತ್ತಿ, ಕಾರಿಡಾರಿನ ಆ ತುದಿಗೆ ಓಡುತ್ತಾರೆ. ಪಂದ್ಯದ ಹಾಗೆ. ಸೀರೆಯಲ್ಲಿ ಅದು ಆಗುವ ಮಾತಲ್ಲ. ನಾನು ನನ್ನ ರೀತಿಯಲ್ಲೇ ಹಿಂದಕ್ಕೆ ಸರಿಯುತ್ತಿದ್ದೆ, ಎದುರಿನಿಂದ ನಾಲ್ಕು ಜನ ಮುಂದಕ್ಕೆ ಓಡಿ ಬಂದರು. ಢಿಕ್ಕಿ ತಪ್ಪಿದ್ದು ದೇವರ ದಯೆ. ಹುಡುಗಿಯರು ಬಿದ್ದು ಬಿದ್ದು ನಕ್ಕರು.

ಆದರೆ ನಾನು ಜಾಸ್ತಿ ಹೊತ್ತು ನಿಂತು ನೋಡಿದ್ದು ಗೋಡೆಯ ಮೇಲಿದ್ದ ಒಂದು ರಟ್ಟಿನ ಚಕ್ರವನ್ನು. ದೊಡ್ಡ ವೃತ್ತದ ಮೇಲೆ ಚಿಕ್ಕ ವೃತ್ತ, ನಡುವೆ ಒಂದು ಪಿನ್ನು. ಹೊರಗಿನ ಸುತ್ತಿನಲ್ಲಿ ಜಾಗಗಳು: ತರಗತಿ, ಕಾರಿಡಾರು, ಮೆಟ್ಟಿಲು, ಕೈತೊಳೆಯುವ ತೊಟ್ಟಿ, ಶೌಚಾಲಯ. ಒಳಗಿನ ಸುತ್ತಿನಲ್ಲಿ ಗುಂಪುಗಳು. ವಾರಕ್ಕೊಮ್ಮೆ ಒಂದು ಮನೆ ತಿರುಗಿಸುತ್ತಾರೆ. ಶೌಚಾಲಯ ಎಲ್ಲರಿಗೂ ಬರುತ್ತದೆ, ಎಲ್ಲರಿಂದಲೂ ಹೋಗುತ್ತದೆ. ಆ ವಾರ ಶೌಚಾಲಯದ ಗುಂಪಿನ ಜೊತೆ ಆ ಕ್ಲಾಸಿನ ಮೇಷ್ಟ್ರೇ ಪ್ಯಾಂಟು ಮಡಚಿಕೊಂಡು ಬ್ರಶ್ ಹಿಡಿದಿದ್ದರು.

ನಾನು ಓದಿದ ಶಾಲೆಯಲ್ಲೂ ಮಕ್ಕಳೇ ಗುಡಿಸುತ್ತಿದ್ದರು. ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ನೀರು ಚಿಮುಕಿಸಿ ಗುಡಿಸಬೇಕಿತ್ತು. ನಮಗೂ ಸರದಿ ಇತ್ತು, ವಾರದ ಪಟ್ಟಿ ಇತ್ತು. ಆದರೆ ಮೂತ್ರಖಾನೆ ಆ ಪಟ್ಟಿಯಲ್ಲಿ ಇರಲಿಲ್ಲ. ಅದಕ್ಕೆ ಒಬ್ಬಳೇ ಹುಡುಗಿ. ನನ್ನ ಹಿಂದಿನ ಸಾಲಿನವಳು. ಯಾರೂ ಅವಳ ಹೆಸರು ಬರೆದಿರಲಿಲ್ಲ, ಮೇಷ್ಟ್ರು ಸುಮ್ಮನೆ ಅವಳ ಕಡೆ ನೋಡುತ್ತಿದ್ದರು, ಅವಳು ಎದ್ದು ಹೋಗುತ್ತಿದ್ದಳು. ಅವಳ ಕೇರಿ ಯಾವುದು ಅಂತ ಎಲ್ಲರಿಗೂ ಗೊತ್ತಿತ್ತು. ಏಳನೇ ಕ್ಲಾಸಿಗೆ ಅವಳು ಬರಲಿಲ್ಲ. ನಾವು ಯಾರೂ ಕೇಳಲೂ ಇಲ್ಲ.

ಅದು ಹಳೇ ಕಾಲ ಅನ್ನಬೇಡಿ. ಕಳೆದ ಡಿಸೆಂಬರಿನಲ್ಲಿ ನಮ್ಮ ರಾಜ್ಯದ್ದೇ ಒಂದು ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನು ಶೌಚಗುಂಡಿಗೆ ಇಳಿಸಿದ ಸುದ್ದಿ ಓದಿದೆವಲ್ಲ. ನಾನೂ ಸಾಚಾ ಅಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ "ಚೆನ್ನಾಗಿ ಗುಡಿಸುವವರು ಯಾರು?" ಅಂತ ಕೇಳಿ, ಕೈ ಎತ್ತಿದ ಹುಡುಗಿಯ ಕೈಗೇ ವರ್ಷವಿಡೀ ಪೊರಕೆ ಕೊಟ್ಟಿದ್ದೇನೆ. ಅವಳು ಯಾಕೆ ಚೆನ್ನಾಗಿ ಗುಡಿಸುತ್ತಾಳೆ ಅಂತ ಒಂದು ದಿನ ಯೋಚಿಸಲಿಲ್ಲ. ಹುಡುಗರಲ್ಲಿ ಒಬ್ಬನೂ ಯಾಕೆ ಕೈ ಎತ್ತಲಿಲ್ಲ ಅಂತಲೂ.

ಅದಕ್ಕೇ ಆ ವಿಡಿಯೊ ನೋಡಿದರೆ ಕಸಿವಿಸಿ. ನಾವು ಅದರಲ್ಲಿ ಪೊರಕೆ ನೋಡುತ್ತೇವೆ, ಚಕ್ರ ನೋಡುವುದಿಲ್ಲ.

ವಾಪಸ್ ಬರುವಾಗ ಟ್ರಾಮಿನಲ್ಲಿ ದುಭಾಷಿ ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ನಿಮ್ಮಲ್ಲಿ ಜಾತಿ ಇಲ್ಲ, ಪುಣ್ಯವಂತರು ಅಂದೆ. ಅವರು ಸ್ವಲ್ಪ ಹೊತ್ತು ಕಿಟಕಿಯ ಆಚೆ ನೋಡಿದರು. ಆಮೇಲೆ ದನಿ ತಗ್ಗಿಸಿ ಬುರಾಕು ಜನರ ಬಗ್ಗೆ ಹೇಳಿದರು. ತೊಗಲಿನ ಕೆಲಸ, ಕಸಾಯಿ ಕೆಲಸ ಮಾಡುತ್ತಿದ್ದವರ ಕೇರಿಗಳು. 1871ರಲ್ಲಿ ಸರಕಾರದ ಆಜ್ಞೆಯಿಂದ ಭೇದ ಹೋಯಿತು, ಕಾಗದದ ಮೇಲೆ. ಮದುವೆ, ಕೆಲಸದ ವಿಷಯ ಬಂದಾಗ ಯಾವ ಕೇರಿ ಅಂತ ಆಮೇಲೂ ಹುಡುಕುತ್ತಿದ್ದರಂತೆ. 1922ರಲ್ಲಿ ಅವರೇ ಸೇರಿ ಸುಯಿಹೆಯಿಶಾ ಅಂತ ಸಂಘ ಕಟ್ಟಿದರು. ಇಲ್ಲಿಯ ಮಕ್ಕಳಿಗೆ ಪಠ್ಯಪುಸ್ತಕ ಪುಕ್ಕಟೆ ಸಿಗುತ್ತಲ್ಲ, ಅದಕ್ಕೆ ಹೋರಾಟ ಶುರು ಮಾಡಿದ್ದೂ ಕೊಚಿ ಎಂಬಲ್ಲಿಯ ಬುರಾಕು ಕೇರಿಯ ತಾಯಂದಿರು, 1961ರಲ್ಲಿ. ಎರಡು ವರ್ಷಕ್ಕೆ ಇಡೀ ದೇಶಕ್ಕೆ ಕಾನೂನಾಯಿತು.

ನನ್ನ "ಪುಣ್ಯವಂತರು" ಅನ್ನುವ ಮಾತು ವಾಪಸ್ ತೆಗೆದುಕೊಳ್ಳಬೇಕು ಅನ್ನಿಸಿತು. ಆದರೆ ನಮ್ಮ ಸ್ಟಾಪು ಬಂದುಬಿಟ್ಟಿತ್ತು.

ಇನ್ನೊಂದು. ಸಂಜೆ ಆರೂವರೆಗೆ ಆ ಶಾಲೆಯ ಮುಂದೆ ಮತ್ತೆ ಹಾದುಹೋದೆವು, ಸ್ಟಾಫ್ ರೂಮಿನ ದೀಪ ಉರಿಯುತ್ತಲೇ ಇತ್ತು. ಒಇಸಿಡಿ ಅಂತ ಮುಂದುವರಿದ ದೇಶಗಳ ಒಂದು ಸಂಘಟನೆ ಇದೆ, ಅದರ 2018ರ ಸಮೀಕ್ಷೆಯಲ್ಲಿ ಇಲ್ಲಿಯ ಪ್ರೌಢಶಾಲೆ ಮಟ್ಟದ ಶಿಕ್ಷಕರು ವಾರಕ್ಕೆ 56 ಗಂಟೆ ದುಡಿಯುತ್ತಾರೆ ಅಂತ ಬಂದಿತ್ತು. ಉಳಿದ ದೇಶಗಳ ಸರಾಸರಿ 38. ಜನಗಣತಿ, ಚುನಾವಣೆ, ಮತದಾರರ ಪಟ್ಟಿಯ ಬಿಎಲ್‌ಒ ಕೆಲಸ ಅಂತ ಗೊಣಗುವ ನಾನು ಆ ದೀಪ ನೋಡಿ ಸುಮ್ಮನಾದೆ. ಆ ವಿಡಿಯೊದಲ್ಲಿ ಈ ದೀಪವೂ ಇರುವುದಿಲ್ಲ.

14 ನವೆಂಬರ್ 2024, ಗುರುವಾರ

ಇವತ್ತು ನಮ್ಮಲ್ಲಿ ಮಕ್ಕಳ ದಿನಾಚರಣೆ. ಬೆಳಿಗ್ಗೆಯಿಂದ ಫೋನಿಗೆ ಫೋಟೊ ಬರುತ್ತಿವೆ. ನೆಹರೂ ಟೋಪಿ, ಗುಲಾಬಿ, ಕೇಸರಿಬಾತ್.

ನಾವು ಫುಕುರೊಮಾಚಿ ಪ್ರಾಥಮಿಕ ಶಾಲೆಗೆ ಹೋದೆವು. ಬಾಂಬು ಬಿದ್ದ ಜಾಗದಿಂದ ಕೇವಲ 460 ಮೀಟರ್. 1937ರಲ್ಲಿ ಕಟ್ಟಿದ ಕಾಂಕ್ರೀಟಿನ ಕಟ್ಟಡ. 1945ರ ಆಗಸ್ಟ್ 6ರಂದು ಬೆಳಿಗ್ಗೆ 8:15ಕ್ಕೆ ಒಳಗೆಲ್ಲ ಸುಟ್ಟರೂ ಗೋಡೆಗಳು ನಿಂತವು. ಮೂರನೇ ಕ್ಲಾಸಿನಿಂದ ಮೇಲಿನ ಎಷ್ಟೋ ಮಕ್ಕಳನ್ನು ಮೊದಲೇ ಹಳ್ಳಿಗಳಿಗೆ ಕಳಿಸಿದ್ದರು, ಹಾಗಾಗಿ ಊರಿನಲ್ಲಿ ಉಳಿದಿದ್ದವರಲ್ಲಿ ತೀರಾ ಚಿಕ್ಕವರು ಜಾಸ್ತಿ. ಅಂಗಳದಲ್ಲಿದ್ದ ಮಕ್ಕಳು, ಶಿಕ್ಷಕರು ಹೋದರು. ನೆಲಮಾಳಿಗೆಯಲ್ಲಿ ಶೂ ಬಿಚ್ಚುವ ಜಾಗದಲ್ಲಿದ್ದ ಮೂರು ಮಕ್ಕಳು ಉಳಿದರು.

ಶೂ ಬಿಚ್ಚುವ ಜಾಗ. ಮೊನ್ನೆ ನಗುನಗುತ್ತಾ ಬರೆದಿದ್ದೆ.

ಆಮೇಲೆ ಆ ಕಟ್ಟಡವೇ ಗಾಯಗೊಂಡವರ ಶಿಬಿರವಾಯಿತು. ಹೊಗೆಯಿಂದ ಕಪ್ಪಾದ ಗೋಡೆ. ತಮ್ಮವರನ್ನು ಹುಡುಕಿಕೊಂಡು ಬಂದವರು ಸಿಕ್ಕ ಸೀಮೆಸುಣ್ಣದಿಂದ ಅದರ ಮೇಲೇ ಬರೆದರು. ಇಂಥವರನ್ನು ಇಂಥ ಕಡೆ ಸೇರಿಸಿದ್ದೇವೆ. ಇಂಥ ಮಗು ಕಂಡರೆ ತಿಳಿಸಿ. ಶಾಲೆಯ ಗೋಡೆಯೇ ಕರಿಹಲಗೆ ಆಗಿಬಿಟ್ಟಿತ್ತು. ಆ ವರ್ಷದ ಅಕ್ಟೋಬರಿನಲ್ಲಿ ತೆಗೆದ ಫೋಟೊ ಇದೆ. ಯುದ್ಧ ಮುಗಿದ ಮೇಲೆ ಗೋಡೆಗೆ ಗಾರೆ ಮೆತ್ತಿ ಮತ್ತೆ ತರಗತಿ ನಡೆಸಿದರು. ಹಳೇ ಕಟ್ಟಡ ಕೆಡವಿ ಹೊಸದು ಕಟ್ಟಬೇಕು ಅಂತಾದಾಗ, 1999ರಲ್ಲಿ, ಗಾರೆ ಎಬ್ಬಿಸಿ ನೋಡಿದರೆ ಅಕ್ಷರಗಳು ಹಾಗೇ ಇದ್ದವು. ಕಟ್ಟಡದ ಒಂದು ಭಾಗ ಉಳಿಸಿಕೊಂಡು 2002ರಲ್ಲಿ ಮ್ಯೂಸಿಯಂ ಮಾಡಿದ್ದಾರೆ.

ಸೀಮೆಸುಣ್ಣದ ಬರಹ ಎಷ್ಟು ಹೊತ್ತು ಉಳಿಯುತ್ತದೆ ಅಂತ ನನಗೆ ಗೊತ್ತಿಲ್ಲದೆ ಇದೆಯಾ? ಸೆರಗು ತಾಗಿದರೆ ಹೋಗುತ್ತದೆ. ಗಾಜಿನ ಈಚೆ ನಿಂತು ನಾನು ಸೆರಗನ್ನು ಹಿಂದಕ್ಕೆ ಎಳೆದುಕೊಂಡೆ. ಗಾಜು ಇದೆ ಅಂತ ಗೊತ್ತಿದ್ದೂ.

ಅಷ್ಟರಲ್ಲಿ ಪಕ್ಕದ ಹೊಸ ಕಟ್ಟಡದಿಂದ ಬೆಲ್ಲು. ಲಂಡನ್ನಿನ ಗಡಿಯಾರದ ಅದೇ ಡಿಂಗ್ ಡಾಂಗ್ ರಾಗ, ಇಲ್ಲಿಯ ಶಾಲೆಗಳಿಗೆಲ್ಲ ಅದೇ. ಶಾಲೆ ಈಗಲೂ ನಡೆಯುತ್ತಿದೆ. ಮಕ್ಕಳು ಹೋ ಅಂತ ಅಂಗಳಕ್ಕೆ ಬಿದ್ದರು. ಆಟಕ್ಕೆ ಬಿಟ್ಟಾಗಿನ ಗದ್ದಲ ಎಲ್ಲಾ ದೇಶದಲ್ಲೂ ಒಂದೇ ನೋಡಿ.

ಬದುಕುಳಿದವರ ಸಂಘ ನಿಹೊನ್ ಹಿದಾನ್‌ಕ್ಯೊಗೆ ಹೋದ ತಿಂಗಳು ನೊಬೆಲ್ ಶಾಂತಿ ಪ್ರಶಸ್ತಿ ಬಂತಲ್ಲ, ಆ ಮಾತು ಬಂದಾಗ ದುಭಾಷಿ ಅಮ್ಮ ಕಣ್ಣು ಒರೆಸಿಕೊಂಡರು. ನಾನು ಏನೂ ಕೇಳಲಿಲ್ಲ.

ಸಂಜೆ ಒಕೊನೊಮಿಯಾಕಿ ತಿಂದೆವು. ದೋಸೆ ಕಲ್ಲಿನ ಮೇಲೆ ತೆಳ್ಳಗೆ ಹಿಟ್ಟು, ಮೇಲೆ ಬೆಟ್ಟದಷ್ಟು ಎಲೆಕೋಸು, ನೂಡಲ್ಸು, ಮೊಟ್ಟೆ. ಮೊಗಚುವಾಗ ನಾನು ಉಸಿರು ಬಿಗಿಹಿಡಿದಿದ್ದೆ. ಚೂರೂ ಚೆಲ್ಲಲಿಲ್ಲ. ಶಾಲೆಗೆ ಒಯ್ಯಲು ಮೇಪಲ್ ಎಲೆಯ ಆಕಾರದ ಸಿಹಿ ತೆಗೆದುಕೊಂಡೆ. ಅದರ ಹೆಸರು ಮೊಮಿಜಿ ಮಂಜು. ನಮ್ಮ ಶಾಲೆಯಲ್ಲಿ ನಾಲ್ಕು ಜನ ಮಂಜು ಇದ್ದಾರೆ, ಗಲಾಟೆ ಗ್ಯಾರಂಟಿ.

ಈಗ ರಾತ್ರಿ ಹನ್ನೊಂದು. ಆ ಹುಡುಗಿ ಕೊಟ್ಟ ಜೋಕಿನ್ ತೊಳೆದು, ನೆಟ್ಟಗೆ ಹಿಡಿದು ಹಿಂಡಿ ಒಣಹಾಕಿದ್ದೇನೆ. ಮಂಜು ಡಬ್ಬಿಯ ಮುಚ್ಚಳ ಕತ್ತರಿಸಿ ಎರಡು ವೃತ್ತ ಮಾಡಿದ್ದೇನೆ, ಒಂದು ದೊಡ್ಡದು, ಒಂದು ಚಿಕ್ಕದು. ಸೀರೆಯ ಸೇಫ್ಟಿ ಪಿನ್ನು ಚುಚ್ಚಿದ್ದೇನೆ, ತಿರುಗುತ್ತದೆ. ಶೌಚಾಲಯ ತೊಳೆಯಲು ಮಕ್ಕಳನ್ನು ಕಳಿಸುವ ಹಾಗಿಲ್ಲ, ಕಳಿಸುವುದೂ ಇಲ್ಲ. ಅಷ್ಟೆಲ್ಲ ಆದಮೇಲೆ ಯಾವ ಮುಖ ಇಟ್ಟುಕೊಂಡು ಕಳಿಸಲಿ? ಅದಕ್ಕೆ ಆ ಮನೆಯ ಎದುರು ಬರೀ ಶಿಕ್ಷಕರು. ಮೊದಲ ವಾರಕ್ಕೆ ನನ್ನ ಹೆಸರು ಬರೆದೆ. ಎರಡನೇ ವಾರಕ್ಕೆ ಪಿ.ಇ. ಮೇಷ್ಟ್ರು, ಅವರು ಒಪ್ಪುತ್ತಾರೆ.

ಮೂರನೇದಕ್ಕೆ ನಮ್ಮ ಎಚ್.ಎಂ. ಸಾರ್ ಹೆಸರು ಪೆನ್ಸಿಲಿನಲ್ಲಿ ಬರೆದು, ಅಳಿಸಿ, ಮತ್ತೆ ಬರೆದಿದ್ದೇನೆ.