ಆರು ಸೆಂಟಿಮೀಟರ್ ನೀರು

ಮಗ ಹುಟ್ಟಿದ ಮೊದಲ ಎರಡು ವಾರಗಳಲ್ಲಿ ನಾನು ಅವನ ಮುಖಕ್ಕಿಂತ ಹೆಚ್ಚಾಗಿ ನೋಡಿದ್ದು ಅವನ ಹಾಸಿಗೆಯ ಪಕ್ಕದ ಕಂಬಕ್ಕೆ ಸಿಕ್ಕಿಸಿದ್ದ ಒಂದು ನೀರಿನ ಬಾಟಲಿಯನ್ನು. ಮುಖ ನೋಡೋಣವೆಂದರೆ ಕಾಣುತ್ತಿದ್ದುದೂ ಅಷ್ಟಕ್ಕಷ್ಟೆ. ಹಣೆಯವರೆಗೆ ಟೊಪ್ಪಿ, ಮೂಗಿನಲ್ಲಿ ನಳಿಕೆ, ಅದನ್ನು ಹಿಡಿದಿಡಲು ಎರಡೂ ಕೆನ್ನೆಗಳ ಮೇಲೆ ಪಟ್ಟಿ.

2024ರ ಜುಲೈ 16ರಂದು ಅಂಕೋಲೆಯ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು. ಅದರ ಮರುದಿನ, ಮೂವತ್ತನೆಯ ವಾರದಲ್ಲಿದ್ದ ನನ್ನ ಹೆಂಡತಿಗೆ ಹೊಟ್ಟೆನೋವು ಶುರುವಾಯಿತು. ಬೆಳಿಗ್ಗೆ ತೋರಿಸಿದ ಕಡೆ ಇದು ಸುಳ್ಳು ನೋವು, ವಿಶ್ರಾಂತಿ ಸಾಕು ಎಂದು ಹೇಳಿ ಮನೆಗೆ ಕಳಿಸಿದರು. ಆ ಹತ್ತು ತಾಸುಗಳನ್ನು ನಾವು ಕಳೆದುಕೊಂಡೆವೆಂಬ ಸಿಟ್ಟು ನನಗೆ ಇಂದಿಗೂ ಇದೆ. ಯಾಕೆಂದರೆ ದಿನ ತುಂಬುವ ಮೊದಲೇ ಹೆರಿಗೆಯಾಗುವ ಸಂಭವವಿದ್ದಾಗ ತಾಯಿಗೆ ಕೊಡುವ ಡೆಕ್ಸಾಮೆಥಾಸೋನ್ ಚುಚ್ಚುಮದ್ದು ಮಗುವಿನ ಶ್ವಾಸಕೋಶವನ್ನು ಬೇಗ ಪಕ್ವಗೊಳಿಸುತ್ತದೆ. ಹನ್ನೆರಡು ತಾಸಿಗೊಮ್ಮೆ 6 ಮಿಲಿಗ್ರಾಂನಂತೆ ನಾಲ್ಕು ಸಲ ಅದನ್ನು ಕೊಡಬೇಕು. ನಮಗೆ ಸಿಕ್ಕಿದ್ದು ಒಂದೇ. ಅದೂ ರಾತ್ರಿ ನೀರೊಡೆದ ಮೇಲೆ, ಅಂಕೋಲೆಯಲ್ಲಿ ಬೇರೊಬ್ಬ ವೈದ್ಯರು ನೋಡಿದ ಕೂಡಲೇ ಕೊಟ್ಟಿದ್ದು. ಮಣಿಪಾಲದ ದಾರಿ ಶಿರೂರಿನಲ್ಲೇ ಬಂದಾಗಿತ್ತು, ಹುಬ್ಬಳ್ಳಿಗೆ ಹೋಗಬೇಕೆಂದರೆ ಆ ಮಳೆಯಲ್ಲಿ ಅರಬೈಲ್ ಘಟ್ಟ ಹತ್ತಬೇಕು. ಹಾಗಾಗಿ ಆ್ಯಂಬುಲೆನ್ಸ್ ಅವರ್ಸಾ, ಅಮದಳ್ಳಿ, ಬಿಣಗಾ ದಾಟಿ ಕಾರವಾರಕ್ಕೆ ಬಂತು. ಬೆಳಗಿನ ಜಾವ ಮಗ ಹುಟ್ಟಿದ. ತೂಕ 1,280 ಗ್ರಾಂ.

ಅತ್ತ. ನಾನು ಸಮಾಧಾನದ ಉಸಿರು ಬಿಡುವಷ್ಟರಲ್ಲಿ ಆ ಅಳು ನರಳಿಕೆಯಾಯಿತು. ಪ್ರತಿ ಉಸಿರಿನ ಕೊನೆಗೂ 'ಹ್ಞೂಂ, ಹ್ಞೂಂ' ಎಂಬ ಸಣ್ಣ ದನಿ. ಉಸಿರು ಎಳೆದಾಗಲೆಲ್ಲ ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಹೋಗುತ್ತಿತ್ತು, ಎದೆಯ ಕೆಳಗೆ ಒಂದು ಗುಳಿ ಬೀಳುತ್ತಿತ್ತು. ಮಗುವಿಗೆ ಎಲ್ಲೋ ನೋವಾಗುತ್ತಿದೆ ಎಂದುಕೊಂಡೆ. ಅದು ನೋವಿನ ನರಳಿಕೆಯಲ್ಲ, ಹೊರಹೋಗುವ ಗಾಳಿಯನ್ನು ಗಂಟಲಲ್ಲೇ ಅರ್ಧ ತಡೆದು ಶ್ವಾಸಕೋಶ ಮುಚ್ಚಿಕೊಳ್ಳದಂತೆ ಮಗು ತಾನೇ ಮಾಡುತ್ತಿರುವ ಪ್ರಯತ್ನ ಎಂದು ಮಕ್ಕಳ ವೈದ್ಯರು ಹೇಳಿದಾಗ, ಹುಟ್ಟಿ ಅರ್ಧ ತಾಸಾಗದ ಜೀವಕ್ಕೆ ಇದನ್ನೆಲ್ಲ ಯಾರು ಕಲಿಸಿದರು ಎಂದು ನಾನು ಬೆರಗಾದೆ. ಆ ಪ್ರಯತ್ನದಲ್ಲಿ ಮಗು ದಣಿದುಬಿಡುತ್ತದೆ, ಅದೇ ಕೆಲಸವನ್ನು ಸಿಪ್ಯಾಪ್, ಅಂದರೆ ಮೂಗಿನ ಮೂಲಕ ಸತತ ಒತ್ತಡದ ಗಾಳಿ ಕೊಡುವ ಯಂತ್ರ, ಮಾಡಿದರೆ ಅದಕ್ಕೆ ಅಷ್ಟು ಶ್ರಮ ತಪ್ಪುತ್ತದೆ ಎಂದರು ಅವರು.

ಶ್ವಾಸಕೋಶ ಏಕೆ ಮುಚ್ಚಿಕೊಳ್ಳುತ್ತದೆ ಎಂಬುದನ್ನು ನನಗೆ ಅರ್ಥಮಾಡಿಸಿದವರು ರಾತ್ರಿ ಪಾಳಿಯ ಸಿಸ್ಟರ್. "ಹಾಲಿನ ಕೊಟ್ಟೆ ತೊಳೆದಿಟ್ಟಿರ್ತೀರಲ್ಲ ಸರ್, ಒಳಗೆ ನೀರಿನ ಪಸೆ ಇದ್ದರೆ ಎರಡೂ ಬದಿ ಅಂಟಿಕೊಳ್ತದೆ. ಬಿಡಿಸೋದು ಎಷ್ಟು ಕಷ್ಟ ನೋಡಿ" ಎಂದರು ಅವರು. ಗಾಳಿಯ ಪುಟ್ಟ ಪುಟ್ಟ ಚೀಲಗಳ ಒಳಮೈಗೆ ಸವರಿರುವ ಸರ್ಫ್ಯಾಕ್ಟಂಟ್ ಎಂಬ ಜಿಡ್ಡಿನಂತಹ ವಸ್ತು ನೀರಿನ ಆ ಎಳೆತವನ್ನು ಕಡಿಮೆ ಮಾಡುತ್ತದೆ. ಸುಮಾರು ಮೂವತ್ತನಾಲ್ಕು ವಾರಗಳ ಹೊತ್ತಿಗೆ ಅದು ಸಾಕಷ್ಟು ಸಿದ್ಧವಾಗಿರುತ್ತದೆ, ಅದಕ್ಕೂ ಮೊದಲು ಹುಟ್ಟಿದ ಮಕ್ಕಳಲ್ಲಿ ಸಾಲದೆ ಬರುತ್ತದೆ. ದಿನ ತುಂಬದ ಮಕ್ಕಳ ಈ ಉಸಿರಾಟದ ಕಾಯಿಲೆಯ ಮೂಲ ಈ ಕೊರತೆಯೇ ಎಂದು ಮೇರಿ ಎಲೆನ್ ಏವರಿ ಮತ್ತು ಜೆರೆ ಮೀಡ್ ತೋರಿಸಿದ್ದು 1959ರಲ್ಲಿ. ಕಾರಣ ತಿಳಿದ ಮಾತ್ರಕ್ಕೆ ಉಪಾಯ ಸಿಗಲಿಲ್ಲ. 1963ರ ಆಗಸ್ಟ್‌ನಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರ ಮಗು, ನನ್ನ ಮಗನಿಗಿಂತ ಎಂಟು ನೂರು ಗ್ರಾಂ ಹೆಚ್ಚೇ ತೂಕವಿದ್ದ ಮಗು, ಇದೇ ಕಾಯಿಲೆಯಿಂದ ಎರಡು ದಿನವೂ ಬದುಕಲಿಲ್ಲ. ಜಾರ್ಜ್ ಗ್ರೆಗರಿ ಮತ್ತು ಸಂಗಡಿಗರು ಇಂತಹ 20 ಶಿಶುಗಳಿಗೆ ಸತತ ಒತ್ತಡದ ಗಾಳಿ ಕೊಟ್ಟು 16 ಶಿಶುಗಳು ಉಳಿದುದನ್ನು ವರದಿ ಮಾಡಿದ್ದು 1971ರಲ್ಲಿ. ಇದನ್ನೆಲ್ಲ ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಮೊಬೈಲಿನಲ್ಲಿ ಓದಿದೆ. ಓದಬಾರದಿತ್ತು ಎಂದು ಹೆಂಡತಿ ಈಗಲೂ ಹೇಳುತ್ತಾಳೆ.

ಕೊಡುವ ಗಾಳಿಯಲ್ಲಿ ಆಕ್ಸಿಜನ್ ಶೇಕಡಾ 40ಕ್ಕೆ ಏರಿಸಿದರೂ ಎದೆಯ ಗುಳಿ ಕಡಿಮೆಯಾಗದಿದ್ದಾಗ ಸರ್ಫ್ಯಾಕ್ಟಂಟ್ ಔಷಧಿಯನ್ನೇ ಕೊಡುವುದೆಂದು ತೀರ್ಮಾನವಾಯಿತು. ಫ್ರಿಜ್ಜಿನಿಂದ ತೆಗೆದ ಆ ಪುಟ್ಟ ಸೀಸೆಯನ್ನು ಸಿಸ್ಟರ್ ಮುಷ್ಟಿಯೊಳಗೆ ಹಿಡಿದುಕೊಂಡು ಹಲವು ನಿಮಿಷ ಸುಮ್ಮನೆ ನಿಂತರು. ಅಷ್ಟು ಅವಸರದ ಕೋಣೆಯಲ್ಲಿ ಒಬ್ಬರು ಏನೂ ಮಾಡದೆ ನಿಂತದ್ದು ಕಂಡು ನನಗೆ ತಳಮಳವಾಯಿತು. ತಣ್ಣಗಿನ ಔಷಧಿಯನ್ನು ಹಾಗೇ ಒಳಗೆ ಬಿಡುವಂತಿಲ್ಲ, ಅಂಗೈ ಬಿಸಿಯಲ್ಲೇ ಅದನ್ನು ಬೆಚ್ಚಗೆ ಮಾಡಬೇಕು, ನೊರೆ ಬರುತ್ತದಾದ್ದರಿಂದ ಕುಲುಕಬಾರದು ಎಂದು ಆಮೇಲೆ ತಿಳಿಯಿತು. ಸೀಸೆಯಲ್ಲಿದ್ದುದು ಹಾಲಿನಂತಹ ಬಿಳಿ ದ್ರವ. ಉಸಿರಿನ ನಾಳದೊಳಗೆ ತೆಳ್ಳನೆಯ ಕೊಳವೆ ಇಳಿಸಿ, ಔಷಧಿ ಬಿಟ್ಟು, ಕೊಳವೆ ತೆಗೆದು, ಮಗುವನ್ನು ಮತ್ತೆ ಸಿಪ್ಯಾಪ್‌ಗೆ ಹಾಕಿದರು. ಸಂಜೆಯೊಳಗೆ ಆಕ್ಸಿಜನ್ ಶೇಕಡಾ 28ಕ್ಕೆ ಇಳಿದಿತ್ತು.

ಯಂತ್ರವೆಂದರೆ ನಾನು ಏನೇನೋ ಕಲ್ಪಿಸಿಕೊಂಡಿದ್ದೆ. ಇಲ್ಲಿದ್ದದ್ದು ಗಾಳಿ ಮತ್ತು ಆಕ್ಸಿಜನ್ನನ್ನು ಬೆರೆಸುವ ಒಂದು ಪೆಟ್ಟಿಗೆ, ಅದನ್ನು ಬೆಚ್ಚಗೆ ತೇವ ಮಾಡುವ ಒಂದು ಪಾತ್ರೆ, ಮೂಗಿನವರೆಗೆ ಬಂದು ಹಿಂದಿರುಗುವ ಕೊಳವೆ ಮತ್ತು ಆ ಕೊಳವೆಯ ತುದಿ ಮುಳುಗಿರುವ ಬಾಟಲಿ. ತುದಿ ಆರು ಸೆಂಟಿಮೀಟರ್ ಆಳದಲ್ಲಿದ್ದರೆ ಗಾಳಿ ಹೊರಬರಲು ಅಷ್ಟು ನೀರನ್ನು ತಳ್ಳಬೇಕು. ಮಗುವಿನ ಶ್ವಾಸಕೋಶದ ಮೇಲೆ ಉಳಿಯುವ ಒತ್ತಡವೂ ಅಷ್ಟೇ. ಸಂಪಿಗೆ ಇಳಿಬಿಟ್ಟ ಪೈಪಿನ ತುದಿಯಲ್ಲಿ ಬುಳುಬುಳು ಎನ್ನುವುದನ್ನು ತೋಟದಲ್ಲಿ ಎಷ್ಟೋ ಸಲ ಕೇಳಿದವನು ನಾನು. ಅದೇ ಸದ್ದು.

ರಾತ್ರಿ ಹತ್ತಕ್ಕೆ ಊರಿನಿಂದ ಆಯಿ ಫೋನ್ ಮಾಡಿದರು. "ಮಾಣಿ ಹೆಂಗಿದ್ದ?"

"ಅಡ್ಡಿಲ್ಲೆ ಆಯಿ. ಅವನೇ ಉಸಿರಾಡ್ತಾ ಇದ್ದ."

"ಹಾಂಗಾರೆ ಆ ಯಂತ್ರ ಎಂತಕ್ಕೆ?"

ನಾನು ಹಾಲಿನ ಕೊಟ್ಟೆಯ ಮಾತನ್ನೇ ಹೇಳಿದೆ. ಉಸಿರು ಎಳೆಯುವವನೂ ಬಿಡುವವನೂ ಅವನೇ, ಚೀಲಗಳು ಪೂರ್ತಿ ಅಂಟಿಕೊಳ್ಳದಂತೆ ಒಂದಿಷ್ಟು ಗಾಳಿಯನ್ನು ಒಳಗೆ ಉಳಿಸುವುದಷ್ಟೇ ಇದರ ಕೆಲಸ, ವೆಂಟಿಲೇಟರ್‌ನಂತೆ ಇದು ಅವನ ಬದಲಿಗೆ ಉಸಿರಾಡುವುದಿಲ್ಲ ಎಂದೆ. ಔಷಧಿ ಸಾಬೂನಿನ ಹಾಗೆ ಕೆಲಸ ಮಾಡುತ್ತದೆ ಎಂದದ್ದಕ್ಕೆ ಅಂಟುವಾಳದ ನೊರೆಯ ಹಾಗೋ ಎಂದು ಕೇಳಿದರು. ಹೌದೆಂದೆ. ಅದನ್ನು ಆಕಳ ಶ್ವಾಸಕೋಶದಿಂದ ತಯಾರಿಸುತ್ತಾರೆ ಎಂಬುದನ್ನು ಮಾತ್ರ ಆ ರಾತ್ರಿ ಹೇಳುವ ಧೈರ್ಯ ನನಗಾಗಲಿಲ್ಲ.

ಎರಡು ತಾಸಿಗೊಮ್ಮೆ ಹೆಂಡತಿ ವಾರ್ಡಿನಲ್ಲಿ ಹಾಲು ಹಿಂಡಿ ಪುಟ್ಟ ಬಟ್ಟಲಲ್ಲಿ ಕೊಡುತ್ತಿದ್ದಳು. ಅದನ್ನು ಒಯ್ದು ಕೊಡುವುದು ನನ್ನ ಕೆಲಸ. ಬಾಯಿಗೆ ಹಾಕಿದ ಸಣ್ಣ ನಳಿಕೆಯಲ್ಲಿ ಒಂದೊಂದೇ ಮಿಲಿಲೀಟರ್ ಇಳಿಸುತ್ತಿದ್ದರು. ಎರಡನೆಯ ರಾತ್ರಿ ಮೂರರ ಸುಮಾರಿಗೆ ಬಟ್ಟಲು ಹಿಡಿದು ಒಳಗೆ ಹೋದಾಗ ಹೊರಗೆ ಮಳೆ ಹೊಯ್ಯುತ್ತಿತ್ತು, ಒಳಗೆ ಬುಳುಬುಳು ಸದ್ದು ಇರಲಿಲ್ಲ. ಬಾಟಲಿ ನೋಡಿದೆ. ನೀರು ಕನ್ನಡಿಯಂತೆ ನಿಂತಿತ್ತು. ನನ್ನ ಕೈಯಲ್ಲಿ ಬಟ್ಟಲು ಅಲುಗಾಡಿ ಆ ಎರಡು ಹನಿ ಹಾಲೂ ಚೆಲ್ಲುವುದರಲ್ಲಿತ್ತು. "ಸಿಸ್ಟರ್, ಗುಳ್ಳೆ ನಿಂತಿದೆ" ಎಂದು ನಾನು ಕೂಗಿದ್ದು ಪಕ್ಕದ ಹಾಸಿಗೆಯ ಮಗುವನ್ನೂ ಎಬ್ಬಿಸಿತು. ಅವರು ಬಂದು ಯಂತ್ರವನ್ನು ಮುಟ್ಟಲೇ ಇಲ್ಲ; ನೇರವಾಗಿ ಮಗುವಿನ ಮುಖ ನೋಡಿ, ಗದ್ದದ ಕೆಳಗೆ ಒಂದು ಬೆರಳಿಟ್ಟು ಮೆಲ್ಲಗೆ ಮೇಲಕ್ಕೆ ಒತ್ತಿದರು. ತೆರೆದಿದ್ದ ಬಾಯಿ ಮುಚ್ಚಿತು. ಬಾಟಲಿಯಲ್ಲಿ ಒಂದು ಗುಳ್ಳೆ ಎದ್ದಿತು, ಆಮೇಲೆ ಎರಡು, ಆಮೇಲೆ ಮೊದಲಿನಂತೆ.

"ಆಕಳಿಸಿದ್ದಾನೆ ಅಷ್ಟೇ ಸರ್. ಬಾಯಿ ತೆರೆದರೆ ಗಾಳಿ ಅಲ್ಲೇ ಹೋಗ್ತದೆ."

ಆಮೇಲೆ ನಳಿಕೆಗೂ ಮೂಗಿನ ನಡುಗೋಡೆಗೂ ಮಧ್ಯೆ ಕೂದಲೆಳೆಯಷ್ಟು ಜಾಗವಿದೆಯೇ ಎಂದು ಟಾರ್ಚ್ ಹಿಡಿದು ನೋಡಿದರು. ಅದು ಒತ್ತಿಕೊಂಡೇ ಇದ್ದರೆ ಮೂಗು ಹುಣ್ಣಾಗುತ್ತದಂತೆ. ಪರದೆಯ ಮೇಲೆ ಮಗುವಿನ ರಕ್ತದ ಆಕ್ಸಿಜನ್ ಮಟ್ಟ 93 ಎಂದಿತ್ತು. ನೂರಕ್ಕೆ ಏರಿಸಿದರೆ ಇನ್ನೂ ಒಳ್ಳೆಯದಲ್ಲವೇ ಎಂದು ನಾನು ಕೇಳಿದ್ದಕ್ಕೆ ಅವರು ಮುಖ ಗಂಭೀರ ಮಾಡಿಕೊಂಡು, 90ರಿಂದ 95ರ ನಡುವೆ ಇದ್ದರೆ ಸಾಕು, ಹೆಚ್ಚಾದರೆ ಬೆಳೆಯುತ್ತಿರುವ ಕಣ್ಣಿನ ನರಪದರದ ರಕ್ತನಾಳಗಳು ಕೆಡುತ್ತವೆ ಎಂದರು. ಹೆಚ್ಚು ಕೊಟ್ಟಷ್ಟೂ ಒಳ್ಳೆಯದು ಎಂಬ ನಮ್ಮ ಉಪಚಾರದ ಬುದ್ಧಿ ಆ ಕೋಣೆಯಲ್ಲಿ ನಡೆಯುವುದಿಲ್ಲ.

ಐದನೆಯ ದಿನ ನಳಿಕೆಯ ಸಮೇತ ಮಗುವನ್ನು ತಾಯಿಯ ಎದೆಯ ಮೇಲೆ ಮಲಗಿಸಿದರು. ಒಂಬತ್ತನೆಯ ದಿನ ಸಿಪ್ಯಾಪ್ ತೆಗೆದರು. ಆರು ತಾಸಿನ ಮೇಲೆ ಎರಡು ಸಲ ಉಸಿರು ಮರೆತು ನೀಲಿಗಟ್ಟಿದ, ಮತ್ತೆ ಹಾಕಿದರು. ಇಂತಹ ಮಕ್ಕಳ ಮಿದುಳಿನ ಉಸಿರಿನ ಕೇಂದ್ರವೂ ಬಲಿತಿರುವುದಿಲ್ಲ, ಅದನ್ನು ಎಚ್ಚರವಾಗಿಡಲು ಕೊಡುವುದು ಕೆಫೀನ್, ಅಂದರೆ ನಮ್ಮ ಕಾಫಿಯಲ್ಲಿರುವುದೇ. ಹನ್ನೆರಡನೆಯ ದಿನ ಮತ್ತೆ ತೆಗೆದರು. ಆಗಸ್ಟ್ 7ರ ನಡುರಾತ್ರಿ ಗೋವಾ ದಾರಿಯ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತೆಂಬ ಸುದ್ದಿ ವಾರ್ಡಿನಲ್ಲೆಲ್ಲ ಹಬ್ಬಿದಾಗ, ವೆಂಟಿಲೇಟರ್ ಬೇಕಾದರೆ ಗೋವಾಕ್ಕೆ ಒಯ್ಯಬೇಕಾದೀತು ಎಂದು ಮೊದಲ ದಿನ ಹೇಳಿದ್ದು ನೆನಪಾಗಿ ನಾನು ಸುಮ್ಮನೆ ಹೋಗಿ ಮಗನ ಎದೆ ನೋಡಿದೆ. ಅದು ಸಲೀಸಾಗಿ ಏಳುತ್ತಿತ್ತು, ಇಳಿಯುತ್ತಿತ್ತು.

ಆಕಳ ವಿಷಯವನ್ನು ಆಯಿಗೆ ಹೇಳಿದ್ದು ಮನೆಗೆ ಬಂದ ಮೇಲೆ. ಅವರು ಮಗುವಿನ ಟೊಪ್ಪಿಯ ದಾರ ಬಿಗಿಮಾಡುತ್ತ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಹಾಲಿನ ಋಣ ಒಂದೇ ಅಂದ್ಕಂಡಿದ್ದಿ" ಎಂದರು. ಮತ್ತೆ ಆ ಮಾತು ತೆಗೆಯಲಿಲ್ಲ; ಕಣ್ಣಿನ ಪರೀಕ್ಷೆಗೆ ಮುಂದಿನ ವಾರ ಎಷ್ಟು ಗಂಟೆಗೆ ಹೊರಡಬೇಕು, ಹೊದಿಕೆ ಒಂದು ಸಾಕೋ ಎರಡು ಬೇಕೋ ಎಂದು ಕೇಳಿದರು.