ಏರಿ ಮೇಲೆ ನೀರಗಂಟಿ ತಾತನ ಜೊತೆ

ಹೋದ ತಿಂಗಳು ಪಂಚಾಯ್ತಿಯಿಂದ ವಿಪತ್ತು ನಿರ್ವಹಣೆ ಪ್ಲಾನ್‌ಗೆ ಅಂತ ಒಂದು ಫಾರ್ಮ್ ಕೊಟ್ರು, ಪ್ರವಾಹ ಬರ ಸಿಡಿಲು ಬಿರುಗಾಳಿ ಎಲ್ಲಕ್ಕೂ ಇದೆ ಅಥವಾ ಇಲ್ಲ ಅಂತ ಟಿಕ್ ಹಾಕೋದು. ನಮ್ಮೂರು ನಾಗಮಂಗಲ ಕಡೆ. ಬರಕ್ಕೆ ಯೋಚ್ನೆ ಮಾಡ್ದೆ ಟಿಕ್ ಹಾಕ್ದೆ, 2023ರಲ್ಲಿ ರಾಜ್ಯದ 236 ತಾಲೂಕಲ್ಲಿ 223 ಬರಪೀಡಿತ ಅಂತ ಘೋಷಣೆ ಆದ ವರ್ಷ ನಮ್ಮ ರಾಗಿ ಹೊಲ ಹೆಂಗಿತ್ತು ಅಂತ ಕಣ್ಣಲ್ಲೇ ಇದೆ. ಪ್ರವಾಹಕ್ಕೆ ಇಲ್ಲ ಅಂತ ಬರೆಯೋಳಿದ್ದೆ. ಕೆಆರ್‌ಎಸ್ 124.80 ಅಡಿ ತುಂಬಿ ಗೇಟ್ ತೆಗೆದ್ರೆ ಮುಳುಗೋದು ರಂಗನತಿಟ್ಟು, ಶ್ರೀರಂಗಪಟ್ಟಣದ ಹೊಳೆ ದಂಡೆ, ನಮ್ಮೂರಿಗೆಲ್ಲಿ ಕಾವೇರಿ?

ಊರ ಕೆರೆ ನೀರು ನೋಡ್ಕೊಳ್ಳೋ ನೀರಗಂಟಿ ತಾತ ಅಲ್ಲೇ ಜಗಲಿ ಮೇಲೆ ಕೂತಿದ್ರು. "ಕೆರೆ ಮರ್ತ್ಬುಟ್ಟಾ ಕಣವ್ವ? ಬಾ ನನ್ ಜೊತೆ" ಅಂದ್ರು.

ಏರಿ, ಅಂದ್ರೆ ಕೆರೆಯ ಮಣ್ಣಿನ ಕಟ್ಟೆ ಮೇಲೆ ನಡೀತಾ ನಡೀತಾ ಅವ್ರು ತೋರಿಸ್ತಾ ಹೋದ್ರು. ಬರದಲ್ಲಿ ಕೆರೆ ಒಣಗಿದ್ದಾಗ ಏರಿ ಬಿರುಕು ಬಿಟ್ಟು, ಇಲಿ ಬಿಲ ತೋಡಿ, ಜಾಲಿ ಬೇರು ಒಳಗೆ ಇಳಿದು ಏರಿಯೆಲ್ಲ ಟೊಳ್ಳಾಗಿರುತ್ತಂತೆ, ಆಮೇಲೆ ಒಂದೇ ವಾರ ಜೋರು ಮಳೆ ಹುಯ್ದು ತುಂಬ್ಕೊಂಡ್ರೆ ಆ ಬಿಲದಲ್ಲೇ ನೀರು ದಾರಿ ಮಾಡ್ಕೊಳ್ಳುತ್ತೆ. ಅಂದ್ರೆ ನಾನು ಟಿಕ್ ಹಾಕಿದ ಬರಾನೇ ಏರಿ ಒಡೆಯೋಕೆ ದಾರಿ ಮಾಡಿಕೊಡ್ತಿದೆ, ಫಾರ್ಮಲ್ಲಿ ಎರಡೂ ಬೇರೆ ಬೇರೆ ಸಾಲಲ್ಲಿದೆ ಅಷ್ಟೇ. "ಹಿಂದ್ಗಡೆ ಒರತೆ ತಿಳಿಯಾಗಿದ್ರೆ ಹೆದ್ರಬೇಡ. ಬಗ್ಗಡ ಬಂತೋ, ಒಳಗಿನ ಮಣ್ಣು ಕೊಚ್ಕೊಂಡು ಬತ್ತಾ ಅದೆ ಅಂತ, ಆಗ ನಿಲ್ಬೇಡ, ಊರಿಗೆ ಕೂಗಾಕು."

2022ರಲ್ಲಿ ಕೆರೆ ತುಂಬಿ, ಹೆಚ್ಚಾದ ನೀರು ಹೊರಗೆ ಹೋಗೋ ಕೋಡಿ ಬಿದ್ದಾಗ ನಾವೆಲ್ಲ ಬಾಗಿನ ಬಿಟ್ಟು ಫೋಟೋ ತೆಕ್ಕೊಂಡು ಮನೆಗೆ ಬಂದು ಮಲಗಿದ್ವಿ. ಅವತ್ತು ರಾತ್ರಿಯೆಲ್ಲ ತಾತ ಒಬ್ರೇ ಟಾರ್ಚ್ ಹಿಡ್ಕೊಂಡು ಈ ಒರತೆ ಬಣ್ಣ ನೋಡ್ಕೊಂಡು ಕೂತಿದ್ರಂತೆ, ನನಗೆ ಗೊತ್ತಾಗಿದ್ದು ಈಗ. ಗಂಟಲು ಕಟ್ಟಿದಂಗಾಯ್ತು.

ಕೋಡಿ ಹತ್ರ ಹೋದ್ರೆ ಲಂಟಾನ ತುಂಬ್ಕೊಂಡಿದೆ, ಜೊತೆಗೆ ಇನ್ನೊಂಚೂರು ನೀರು ನಿಲ್ಲಲಿ ಅಂತ ಯಾರೋ ಕಲ್ಲು ಪೇರಿಸಿದಾರೆ. ಕೋಡಿ ಎತ್ತರ ಆದಷ್ಟೂ ನೀರು ಏರಿ ತಲೆ ಮೇಲೆ ಹತ್ತುತ್ತೆ, ಮಣ್ಣಿನ ಏರಿ ಮೇಲೆ ನೀರು ಹರೀತು ಅಂದ್ರೆ ಮುಗೀತು. ನಮ್ಮ ಕೆರೆ ಮೇಲುಗಡೆ ಇನ್ನೊಂದು ಕೆರೆ ಇದೆ, ಅದು ಒಡೆದ್ರೆ ಅಷ್ಟೂ ನೀರು ಒಂದೇ ಸಲ ಇಲ್ಲಿಗೇ ಬರೋದು. ಕೋಡಿ ನೀರು ಹರಿಯೋ ಹಳ್ಳಾನ ಎರಡೂ ಕಡೆಯಿಂದ ಉತ್ತು ಉತ್ತು ಸಣ್ಣ ಕಾಲುವೆಯಷ್ಟು ಕಿರಿದು ಮಾಡಿದಾರೆ, ಅದರ ಪಕ್ಕದಲ್ಲೇ ತಗ್ಗಲ್ಲಿ ಅಂಗನವಾಡಿ. ನನ್ನ ತಂಗಿ ಮಗಳು ದಿನಾ ಹೋಗೋದು ಅಲ್ಲಿಗೇ.

ಫಾರ್ಮಲ್ಲಿ ಪ್ರವಾಹ ಇದೆ ಅಂತ ಟಿಕ್ ಹಾಕಿ ಹಿಂದಿನ ಖಾಲಿ ಜಾಗದಲ್ಲಿ ಎಲ್ಲ ಬರೆದೆ: ಏರಿ ಎಲ್ಲಿ ಜಿನುಗುತ್ತೆ, ತಗ್ಗಿನ ಯಾವ ಮನೇಲಿ ನಡೆಯಕ್ಕಾಗದವ್ರು ಇದಾರೆ, ರಾತ್ರಿ ಕೂಗು ಬಿದ್ರೆ ಮಾರಮ್ಮನ ಗುಡಿ ದಿಣ್ಣೆಗೆ ಯಾವ ಓಣಿಲಿ ಹತ್ತಬೇಕು. ಭಾನುವಾರ ಎಂಟು ಜನ ಸೇರಿ ಲಂಟಾನ ಕಡಿದ್ವಿ, ತಾತಾನೂ ಮಚ್ಚು ಹಿಡ್ಕೊಂಡು ಬಂದಿದ್ರು. ಕಲ್ಲು ಮಾತ್ರ ಹಂಗೇ ಇದೆ, ತೆಗೆಯೋಕೆ ಒಬ್ರು ಒಪ್ತಿಲ್ಲ. ಮುಂಗಾರಿಗೆ ಮುಂಚೆ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳ್ತೀನಿ.